ಮೆಕ್ಸಿಕೊ 1990ರ ವಿಶ್ವಕಪ್‌ನಲ್ಲಿ ಯಾಕಿರಲಿಲ್ಲ? ವಯಸ್ಸಿನ ಕಳ್ಳಾಟ, ಅದರ ಲೆಕ್ಕ

ಮೈದಾನದಂಚು:
ನಿನ್ನೆ ರಾತ್ರಿ ಮಗಳ ಜೊತೆ ಕೂತು ಹಳೇ ಫುಟ್‌ಬಾಲ್ ವಿಶ್ವಕಪ್‌ಗಳ ತಂಡಗಳ ಪಟ್ಟಿ ನೋಡ್ತಿದ್ದೆ. 1986ರಲ್ಲಿ ಮೆಕ್ಸಿಕೊ ಇದೆ. ಅವರದೇ ಮನೆಯಂಗಳ, ಕ್ವಾರ್ಟರ್‌ಫೈನಲ್ ತನಕ ಬಂದು ಪಶ್ಚಿಮ ಜರ್ಮನಿ ಎದುರು ಪೆನಾಲ್ಟಿಯಲ್ಲಿ ಸೋತರು. 1994ರಲ್ಲಿ ಮತ್ತೆ ಇದೆ, ಅಲ್ಲಿಂದೀಚೆ ಒಂದೂ ತಪ್ಪಿಲ್ಲ. ನಡುವೆ 1990ರ ಇಟಲಿಯಲ್ಲಿ ಮಾತ್ರ ಹೆಸರೇ ಇಲ್ಲ. "ಸೋತುಹೋದ್ರಾ ಅಪ್ಪ?" ಅಂದ್ಲು. ಸೋತಿದ್ದಲ್ಲ ಪುಟ್ಟಿ, ಆಡೋಕೇ ಬಿಡಲಿಲ್ಲ ಅಂದೆ. ಯಾಕೆ ಅಂತ ಹೇಳೋಕೆ ಅರ್ಧ ಗಂಟೆ ಹಿಡೀತು. ಇಲ್ಲೂ ಹಾಕ್ತೀನಿ.

1988ರ ಏಪ್ರಿಲ್. ಗ್ವಾಟೆಮಾಲಾದಲ್ಲಿ ಉತ್ತರ-ಮಧ್ಯ ಅಮೆರಿಕ ವಲಯದ 20 ವರ್ಷದೊಳಗಿನವರ ಟೂರ್ನಿ. ಅಲ್ಲಿ ಮುಂದೆ ಬಂದವರಿಗೆ ಮರುವರ್ಷ ಸೌದಿ ಅರೇಬಿಯಾದಲ್ಲಿ ನಡೆಯೋ ಕಿರಿಯರ ವಿಶ್ವಕಪ್‌ಗೆ ಟಿಕೆಟ್. ಮೆಕ್ಸಿಕೊ ಟಿಕೆಟ್ ಗಿಟ್ಟಿಸಿತು. ಆದರೆ ತಂಡದಲ್ಲಿ ನಾಲ್ವರು ವಯಸ್ಸು ಮೀರಿದವರು. ಹೊರಗೆ ಬಂದದ್ದು ಹೇಗೆ ಗೊತ್ತಾ? ದೊಡ್ಡ ಪತ್ತೇದಾರಿ ಏನೂ ಬೇಕಾಗಲಿಲ್ಲ. ಮೆಕ್ಸಿಕೊ ಫೆಡರೇಷನ್ನೇ ಅಚ್ಚು ಹಾಕಿಸಿದ್ದ ವಾರ್ಷಿಕ ಪುಸ್ತಕದಲ್ಲಿ ಆಟಗಾರರ ವಯಸ್ಸು ಇತ್ತು. ಆಂಟೋನಿಯೊ ಮೊರೆನೊ ಅನ್ನೋ ಪತ್ರಕರ್ತ ಅದನ್ನ ತೆಗೆದು, ಟೂರ್ನಿಗೆ ಕೊಟ್ಟ ಲೆಕ್ಕದ ಪಕ್ಕ ಇಟ್ಟ. ಅಷ್ಟೇ.

ವಲಯದ ಸಂಸ್ಥೆ ಮೊದಲು ಕಿರಿಯರ ತಂಡವನ್ನ ಹೊರಗಿಟ್ಟಿತು. ಫೆಡರೇಷನ್ ಸುಮ್ಮನಿರದೆ ತಕರಾರು ತೆಗೀತು. ವಿಷಯ ಫಿಫಾ ಮುಂದೆ ಬಂದಾಗ ಶಿಕ್ಷೆ ಇಳಿಯೋ ಬದಲು ಏರಿತು. 1988ರ ಜೂನ್ 30ಕ್ಕೆ ತೀರ್ಮಾನ: ಮೆಕ್ಸಿಕೊದ ಎಲ್ಲ ತಂಡಗಳಿಗೂ ಎರಡು ವರ್ಷ ಅಂತಾರಾಷ್ಟ್ರೀಯ ಟೂರ್ನಿಗಳು ಬಂದ್. ಅದೇ ವರ್ಷದ ಸೋಲ್ ಒಲಿಂಪಿಕ್ಸ್ ಹೋಯ್ತು, ಆ ಜಾಗಕ್ಕೆ ಗ್ವಾಟೆಮಾಲಾ ಬಂತು. ಸೌದಿಯ ಕಿರಿಯರ ಕಪ್ ಹೋಯ್ತು, ಅಲ್ಲಿಗೆ ಅಮೆರಿಕ ಹೋಗಿ ನಾಲ್ಕನೇ ಸ್ಥಾನ ತಗೊಂಡು ಬಂತು. ಕೊನೆಗೆ ಇಟಲಿ 90ನೂ ಹೋಯ್ತು.

ಇಂಥ ಬೇರೆ ಪ್ರಕರಣ ಗೊತ್ತಿದ್ರೆ ಹಾಕಿ. ಸುಮ್ನೆ "ಆ ಹುಡುಗನಿಗೆ ಮೀಸೆ ಇದೆ" ಅನ್ನೋ ಫೋಟೋ ಬೇಡ, ದಯವಿಟ್ಟು.

ಧಾರವಾಡ ಪೇಡೆ:
ಅಲ್ರೀ, ನಾಕು ಮಂದಿ ಹುಡುಗ್ರ ವಯಸ್ಸಿನ ಸಲುವಾಗಿ ಇಡೀ ದೇಶದ ದೊಡ್ಡ ತಂಡಕ್ಕ ಶಿಕ್ಷಾ ಅಂದ್ರ? ಅವ್ರೇನ್ ಮಾಡಿದ್ರು ಪಾಪ. ಎಮ್ಮಿಗೆ ಜ್ವರ ಬಂದ್ರ ಎತ್ತಿಗೆ ಬರಿ ಹಾಕಿದಂಗ ಆತು.

ಹಳೇ ಗೋಲಿ:
ಪೇಡೆಯವರು ಹೇಳಿದ್ದು ಸರಿ, ಆ ಬರೆ ಯಾರಿಗೆ ಬಿತ್ತು ಅಂತ ಹೇಳ್ತೀನಿ ಕೇಳಿ. ಹ್ಯೂಗೊ ಸಾಂಚೆಸ್. 1989-90ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಲೀಗ್‌ನಲ್ಲಿ 38 ಗೋಲ್ ಹೊಡೆದ ಮನುಷ್ಯ. ಸ್ಪೇನ್‌ನಲ್ಲಿ ಟೆಲ್ಮೊ ಸಾರ್ರಾನ ಹಳೇ ದಾಖಲೆಗೆ ಸರಿಸಮ. ಆ 38ನ್ನೂ ಒಂದೇ ಟಚ್‌ನಲ್ಲಿ ಹೊಡೆದ ಅಂತ ಇವತ್ತಿಗೂ ಹೇಳ್ತಾರೆ. ಚೆಂಡು ನಿಲ್ಲಿಸೋದು, ನೋಡೋದು, ಆಮೇಲೆ ಹೊಡೆಯೋದು, ಆ ಪೈಕಿಯಲ್ಲ ಅವನು. ನಾನು ಗೋಲಿಯಾಗಿ ಆಡಿದವನು, ನಮಗೆ ಅಂಥವರೇ ಯಮ. ಎರಡು ಟಚ್ ತಗೊಳ್ಳೋನಿಗೆ ಒಂದು ಹೆಜ್ಜೆ ಮುಂದೆ ಬಂದು ಕೋನ ಮುಚ್ಚಬಹುದು, ಇವನಿಗೆ ಆ ಹೆಜ್ಜೆ ಇಡೋಕೂ ಪುರಸೊತ್ತಿಲ್ಲ.

ಅಂಥ ಫಾರ್ಮ್‌ನಲ್ಲಿದ್ದೋನು 1990ರ ಜೂನ್‌ನಲ್ಲಿ ವಿಶ್ವಕಪ್ಪನ್ನ ಹೊರಗಿಂದ ನೋಡಬೇಕಾಯ್ತು. ಜುಲೈ 8ಕ್ಕೆ ಫೈನಲ್, 11ಕ್ಕೆ ಅವನಿಗೆ 32. 1994ರಲ್ಲಿ ಕರೆದುಕೊಂಡು ಹೋದರು, ನಾರ್ವೆ ಎದುರು ಆಡಿದ, ಬಲ್ಗೇರಿಯಾ ಎದುರಿನ ನಾಕೌಟ್‌ನಲ್ಲಿ ಬೆಂಚಿನಿಂದ ಎಬ್ಬಿಸಲೇ ಇಲ್ಲ. ಕಿರಿಯರ ತಂಡದ ನಾಲ್ಕು ಸುಳ್ಳು ತಾರೀಕಿಗೆ ಇವನ ಆಯಸ್ಸಿನ ಒಳ್ಳೇ ವಿಶ್ವಕಪ್ ಹೋಯ್ತು.

ಆಫ್‌ಸೈಡ್ ಅಣ್ಣ:
ಯಾರೂ ಇನ್ನೊಂದು ತಾರೀಕು ನೋಡ್ಲಿಲ್ವಾ? ಜೂನ್ 30ಕ್ಕೆ ಮೆಕ್ಸಿಕೊ ಔಟ್. ಜುಲೈ 4ಕ್ಕೆ, ನಾಲ್ಕೇ ದಿನಕ್ಕೆ, 1994ರ ವಿಶ್ವಕಪ್ ಆತಿಥ್ಯ ಅಮೆರಿಕಕ್ಕೆ. ಅದೂ ಅವರ ಸ್ವಾತಂತ್ರ್ಯ ದಿನ. ಆತಿಥೇಯರು 1950ರ ನಂತರ ವಿಶ್ವಕಪ್ಪೇ ಆಡಿರಲಿಲ್ಲ, 90ಕ್ಕೆ ದಾರಿ ಖಾಲಿ ಮಾಡಿಕೊಟ್ರು. ನಾನೇನೂ ಹೇಳ್ತಿಲ್ಲಪ್ಪ, ಸುಮ್ನೆ ಹೇಳ್ದೆ.

ಮೈದಾನದಂಚು:
ಅಣ್ಣಾ, ನೀವು ಸುಮ್ನೆ ಹೇಳೋದೇ ಜಾಸ್ತಿ. ದಾರಿ ಖಾಲಿಯಾಗಿದ್ದೇನೋ ನಿಜ, ಆದರೆ ನಡೀಬೇಕಲ್ವಾ? 1989ರ ನವೆಂಬರ್ 19ರ ತನಕ ಅಮೆರಿಕ ನೇತಾಡ್ತಿತ್ತು. ಟ್ರಿನಿಡಾಡ್‌ನಲ್ಲಿ ಕೊನೇ ಪಂದ್ಯ, ಟ್ರಿನಿಡಾಡ್‌ಗೆ ಡ್ರಾ ಸಾಕಿತ್ತು. ಪಾಲ್ ಕಲಿಜಿಯೂರಿ ದೂರದಿಂದ ಒಂದು ಎತ್ತಿ ಹಾಕಿದ, 1-0. ಟ್ರಿನಿಡಾಡ್ ಮತ್ತೆ 2006ರ ತನಕ ಕಾಯಬೇಕಾಯ್ತು. ಮೆಕ್ಸಿಕೊ ಇಲ್ಲದ್ದರಿಂದ ನೇರ ಲಾಭ ಆಗಿದ್ದು ಕೋಸ್ಟರಿಕಾಗೆ, ಒಂದು ಸುತ್ತು ಆಡದೇ ದಾಟಿದರು. ಆಮೇಲೆ ಇಟಲಿಗೆ ಹೋಗಿ ಸ್ಕಾಟ್ಲೆಂಡ್, ಸ್ವೀಡನ್ ಎರಡನ್ನೂ ಸೋಲಿಸಿದರು. ಕೋಚ್ ಯಾರು? ಬೋರಾ ಮಿಲುಟಿನೋವಿಚ್, 1986ರಲ್ಲಿ ಮೆಕ್ಸಿಕೊ ಕೋಚ್ ಆಗಿದ್ದವರೇ. ಪಿತೂರಿ ಹುಡುಕೋರಿಗೆ ಇದೂ ಒಂದು ಇಟ್ಕೊಳ್ಳಿ.

ದೂರದೂರ ಕನ್ನಡಿಗ:
ಕೆಲಸದ ಮೇಲೆ ಎರಡು ವರ್ಷ ಗ್ವಾಡಲಹಾರಾದಲ್ಲಿದ್ದೆ. ಆಫೀಸಿನವರ ಶುಕ್ರವಾರದ ಆಟಕ್ಕೆ ನಮ್ಮ ಟೀಮ್ ಲೀಡ್ ತನ್ನ ಭಾಮೈದನನ್ನ ಕರ್ಕೊಂಡು ಬಂದಿದ್ದ, ಯಾವುದೋ ಕ್ಲಬ್ಬಿಗೆ ಆಡೋ ಹುಡುಗ. ಎದುರು ತಂಡದವರೆಲ್ಲ "ಕಚಿರೂಲ್! ಕಚಿರೂಲ್!" ಅಂತ ಕೂಗೋಕೆ ಶುರು. ಬೈಗುಳ ಅಂದ್ಕೊಂಡೆ. ಕೇಳಿದ್ರೆ, ತಂಡಕ್ಕೆ ಸೇರಬಾರದವನನ್ನ ಕಳ್ಳತನದಲ್ಲಿ ನುಗ್ಗಿಸಿದ್ರೆ ಆ ಮಾತು. 1988ರ ಆ ಹಗರಣಕ್ಕೂ ಅಲ್ಲಿ ಅದೇ ಹೆಸರು, "ಲಾಸ್ ಕಚಿರೂಲೆಸ್". ಹೇಳಿದವನು 1990ರ ಮೇಲೆ ಹುಟ್ಟಿದವನು. ಅವನಿಗೂ ಆ ಕಥೆ ಬಾಯಿಪಾಠ. ನಮ್ಮ ಕಡೆ "ಅಂಡರ್‌ಆರ್ಮ್ ಬೌಲಿಂಗ್" ಅಂದ್ರೆ ಎಲ್ಲರಿಗೂ ಗೊತ್ತಲ್ಲ, ಹಾಗೆ.

ಕುಡ್ಲದ ಫುಲ್‌ಬ್ಯಾಕ್:
ನೈಜೀರಿಯಾದ್ದು ಯಾರೂ ಹೇಳ್ಲಿಲ್ಲ ಮಾರಾಯ್ರೆ. 1989ರ ಫೆಬ್ರವರಿ, ಅದೇ ಸೌದಿಯ ಕಿರಿಯರ ಕಪ್. ದಮ್ಮಾಮ್‌ನಲ್ಲಿ ಸೋವಿಯತ್ ಎದುರು 0-4 ಹಿಂದೆ ಇದ್ದು 4-4 ಮಾಡಿ ಪೆನಾಲ್ಟಿಯಲ್ಲಿ ಗೆದ್ದ ತಂಡ ಅದು. ಫೈನಲಿಗೆ ಹೋಗಿ ಪೋರ್ಚುಗಲ್‌ಗೆ ಸೋತದ್ದು. ಅದೇ ವರ್ಷ ಫಿಫಾ ನೋಡುವಾಗ, 1988ರ ಒಲಿಂಪಿಕ್ಸಿನಲ್ಲಿ ಆಡಿದ ಮೂವರ ಹುಟ್ಟಿದ ತಾರೀಕು ಅದಕ್ಕಿಂತ ಹಿಂದಿನ ಟೂರ್ನಿಗಳಿಗೆ ಕೊಟ್ಟದ್ದರ ಹಾಗೆ ಇಲ್ಲ. ಕಿರಿಯರ ತಂಡಗಳಿಗೆಲ್ಲ ಎರಡು ವರ್ಷ ನಿಷೇಧ. 1991ರ ಕಿರಿಯರ ಕಪ್ ನೈಜೀರಿಯಾದಲ್ಲೇ ಆಗ್ಬೇಕಿತ್ತು, ಅದೂ ಕೈತಪ್ಪಿ ಪೋರ್ಚುಗಲಿಗೆ ಹೋಯ್ತು. ಅಲ್ಲಿ ಫಿಗೊ, ರುಯಿ ಕೋಸ್ಟಾ ಇದ್ದ ತಂಡ ಲಿಸ್ಬನ್‌ನಲ್ಲಿ ಕಪ್ ಎತ್ತಿತು.

ಇನ್ನೊಂದು ನನ್ನ ಸ್ವಂತ ಬೇಜಾರು. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಮ್ಮ ದೇಶದಲ್ಲೇ ಆಯ್ತಲ್ಲ, ಮಂಗಳೂರಿಂದ ರಾತ್ರಿ ರೈಲು ಹತ್ತಿ ಕೊಚ್ಚಿಗೆ ಹೋಗಿದ್ದೆ. 2013, 2015 ಎರಡೂ ಗೆದ್ದ ನೈಜೀರಿಯಾವನ್ನ ಒಮ್ಮೆ ಕಣ್ಣಲ್ಲಿ ನೋಡ್ಬೇಕು ಅಂತ ಬಹಳ ಆಸೆ ಉಂಟಿತ್ತು. ಅವರು ಬರ್ಲೇ ಇಲ್ಲ. 2016ರಲ್ಲಿ ಅರ್ಹತಾ ಪಂದ್ಯಕ್ಕೆ ಮೊದಲು ವಯಸ್ಸು ನೋಡ್ಲಿಕ್ಕೆ ಮಣಿಕಟ್ಟಿನ ಸ್ಕ್ಯಾನ್ ಮಾಡಿಸಿದ್ರೆ 26 ಹುಡುಗರು ಫೇಲ್. ಉಳಿದವರನ್ನ ಒಟ್ಟು ಮಾಡಿ ಆಡಿಸಿ ನೈಜರ್‌ಗೆ ಸೋತರು. ಕೊಚ್ಚಿಯಲ್ಲಿ ನಾನು ನೋಡಿದ್ದು ಆ ನೈಜರನ್ನ. ಉತ್ತರ ಕೊರಿಯಾ ಮೇಲೆ 1-0 ಗೆದ್ದರು. ಕೆಟ್ಟ ತಂಡ ಅಲ್ಲ, ಪಾಪದವರು. ನೈಜೀರಿಯಾ ಹುಡುಗರಿಗೆ ಹೊಲಿಸಿಟ್ಟ ಅಂಗಿ ಇವರು ಹಾಕಿ ಬಂದ ಹಾಗೆ ಅನಿಸ್ತು ಅಷ್ಟೆ.

ಆಫ್‌ಸೈಡ್ ಅಣ್ಣ:
ಅಂದ್ರೆ ನೈಜೀರಿಯಾದ 17ರೊಳಗಿನವರ ಐದು ಕಪ್‌ಗಳೂ ಡೌಟೇ ಅನ್ನಿ. ದೊಡ್ಡವರ ವಿಶ್ವಕಪ್‌ನಲ್ಲಿ ಕೊನೇ 16 ದಾಟಿಲ್ಲ, ಲೆಕ್ಕ ಸರಿಹೋಯ್ತು.

ಕುಡ್ಲದ ಫುಲ್‌ಬ್ಯಾಕ್:
ಹಾಗೆಲ್ಲ ಒಂದೇ ಚೀಲಕ್ಕೆ ತುಂಬ್ಬೇಡಿ. 1993ರ ತಂಡದಲ್ಲಿ ಕಾನು ಇದ್ದ, 2015ರಲ್ಲಿ ಒಸಿಮೆನ್ ಇದ್ದ. ಅವರೇನು ಮೇಲೆ ಹೋಗ್ಲಿಲ್ವಾ? 2009ರಿಂದ ಸ್ಕ್ಯಾನ್ ಬಂದ ಮೇಲೂ ಎರಡು ಸಲ ಗೆದ್ದಿದ್ದಾರೆ. ಒಬ್ಬ ಕದ್ದ ಅಂತ ಊರಿಗೇ ಕಳ್ಳರ ಊರು ಅನ್ನುವುದಾ?

ಎಕ್ಸ್‌ರೇ ಕಣ್ಣು:
ಸ್ಕ್ಯಾನ್ ಮಾತು ಬಂತಲ್ಲ, ಅದು ನನ್ನ ದಿನಗೂಲಿ. ರೇಡಿಯಾಲಜಿಯಲ್ಲಿದ್ದೀನಿ. ಕ್ರೀಡಾ ಸಂಸ್ಥೆಯೊಂದಕ್ಕೆ ಇಂಥ ವರದಿ ಬರೆದುಕೊಟ್ಟದ್ದೂ ಇದೆ.

ಎಡ ಮಣಿಕಟ್ಟು ಇಟ್ಕೊಳ್ಳಿ. ಹೆಬ್ಬೆರಳಿನ ಕಡೆ ಬರೋ ಮುಂಗೈ ಮೂಳೆ ಇದೆಯಲ್ಲ, ರೇಡಿಯಸ್, ಅದರ ತುದಿಗೆ ಒಂದು ಟೋಪಿ. ಟೋಪಿಗೂ ಮೂಳೆಗೂ ನಡುವೆ ಮೃದ್ವಸ್ಥಿಯ ಪದರ, ಮೂಳೆ ಉದ್ದ ಬೆಳೆಯೋದು ಅಲ್ಲಿಂದಲೇ. ಎಂಆರ್‌ಐನಲ್ಲಿ ಬೆಳ್ಳಗಿನ ಮೂಳೆಗೆ ಅಡ್ಡ ಕಪ್ಪು ಗೆರೆ ಎಳೆದ ಹಾಗೆ ಕಾಣುತ್ತೆ. ಬೆಳವಣಿಗೆ ಮುಗೀತಾ ಬಂದ ಹಾಗೆ ಗೆರೆ ತುಂಡು ತುಂಡಾಗಿ, ಕೊನೆಗೆ ಅಳಿಸಿಹೋಗುತ್ತೆ. ಫಿಫಾ ಇದಕ್ಕೆ 1ರಿಂದ 6ರ ತನಕ ದರ್ಜೆ ಇಟ್ಟಿದೆ, 6 ಅಂದ್ರೆ ಪೂರ್ತಿ ಬೆಸೆದಿದೆ. ಆರು ಬಂದ್ರೆ 17ರೊಳಗಿನವರ ತಂಡದಿಂದ ಹೊರಗೆ. 2009ರಲ್ಲಿ ನೈಜೀರಿಯಾದಲ್ಲೇ ನಡೆದ 17ರೊಳಗಿನವರ ವಿಶ್ವಕಪ್‌ನಿಂದ ಇದು ಶುರು. ಎಕ್ಸ್‌ರೇ ಯಾಕಲ್ಲ ಅಂದ್ರೆ, ಕಾಯಿಲೆಯಿಲ್ಲದ ಹುಡುಗನಿಗೆ ಆಟದ ಸಲುವಾಗಿ ವಿಕಿರಣ ಕೊಡೋದು ಸರಿಯಲ್ಲ ಅಂತ. ನಮ್ಮಲ್ಲಿ ಕ್ರಿಕೆಟ್ ಮಂಡಳಿ ಬಳಸೋ ಟಿಡಬ್ಲ್ಯು3 ಅನ್ನೋ ಮೂಳೆ ಪರೀಕ್ಷೆ ಮಾತ್ರ ಎಕ್ಸ್‌ರೇನೇ.

ಈಗ ಮುಖ್ಯವಾದದ್ದು. ಈ ಸ್ಕ್ಯಾನ್ ವಯಸ್ಸು ಹೇಳಲ್ಲ. "ಮೂಳೆ ಬೆಸೆದಿದೆ" ಅಂತ ಮಾತ್ರ ಹೇಳುತ್ತೆ. 17 ತುಂಬದ ಹುಡುಗನಿಗೆ ಪೂರ್ತಿ ಬೆಸೆದಿರೋ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಕಡಿಮೆ ಅಂದ್ರೆ ಸೊನ್ನೆ ಅಲ್ಲ. 2023ರ ಕಪ್ ನೋಡಿ: 24 ತಂಡ, ತಂಡಕ್ಕೆ 21 ಹುಡುಗರು, ಒಟ್ಟು 504. ಒಬ್ಬಿಬ್ಬರು ಏನೂ ತಪ್ಪು ಮಾಡದೆ ಮನೆಗೆ ಹೋಗಬಹುದು. ಇನ್ನೊಂದು ಕಡೆ, 18 ತುಂಬಿದ ಎಷ್ಟೋ ಹುಡುಗರ ಗೆರೆ ಇನ್ನೂ ಇರುತ್ತೆ, ಅವರು ಆರಾಮಾಗಿ ಪಾಸು. 20ರೊಳಗಿನವರಿಗಂತೂ ಇದರಿಂದ ಪ್ರಯೋಜನವೇ ಇಲ್ಲ. 1988ರ ಮೆಕ್ಸಿಕೊ ತಂಡಕ್ಕೆ ಇವತ್ತು ಸ್ಕ್ಯಾನ್ ಮಾಡಿದ್ರೂ ಏನೂ ಸಿಗ್ತಿರಲಿಲ್ಲ.

ಧಾರವಾಡ ಪೇಡೆ:
ಹಂಗಾದ್ರ ಮಶಿನ್ ತಪ್ಪು ಹೇಳ್ತದ ಅಂತ ನಂಬಿ ಕೂಡೂದೂ ಕಷ್ಟ ಆತಲ್ರೀ. ಕ್ಯಾಮೆರೂನ್‌ದಾಗ 2023ರ ಜನವರಿ ಒಳಗ ಏನಾತು? ಸಾಮ್ಯುಯೆಲ್ ಎಟೊ ಫೆಡರೇಷನ್ ಅಧ್ಯಕ್ಷ ಆಗಿ ತನ್ನ ಮಂದೀಗೆ ತಾನ ಸ್ಕ್ಯಾನ್ ಮಾಡಿಸ್ದ. 30ರಾಗ 21 ಮಂದಿ ಔಟ್! ಡಾಕ್ಟರು ಹೇಳಿದ ನೂರಕ್ಕ ಒಂದು ಎಲ್ಲಿ, ಇದೆಲ್ಲಿ.

ಎಕ್ಸ್‌ರೇ ಕಣ್ಣು:
30ರಲ್ಲಿ 21 ಬಂದ್ರೆ ಯಂತ್ರದ ತಪ್ಪಲ್ಲ, ಒಪ್ಪಿದೆ. ಒಂದೇ ಒಂದು ಬಂದಾಗ ನನಗೆ ನಿದ್ದೆ ಬರಲ್ಲ.

ಮೈದಾನದಂಚು:
ನಾನು ಗಮನಿಸಿದ್ದು ಬೇರೆ. ದೊಡ್ಡ ಶಿಕ್ಷೆ ಬಿದ್ದ ಪ್ರಕರಣಗಳಲ್ಲಿ ಹಿಡಿದುಕೊಟ್ಟದ್ದು ಯಂತ್ರ ಅಲ್ಲ, ಅವರದೇ ಹಳೇ ಕಾಗದ. ಮೆಕ್ಸಿಕೊಗೆ ವಾರ್ಷಿಕ ಪುಸ್ತಕ, ನೈಜೀರಿಯಾಗೆ ಹಿಂದಿನ ಟೂರ್ನಿಯ ಅರ್ಜಿ. 2019ರಲ್ಲಿ ಗಿನಿಯ ಕಥೆ ನೋಡಿ. ಆಫ್ರಿಕದ 17ರೊಳಗಿನವರ ಕಪ್‌ನಲ್ಲಿ ಫೈನಲ್ ತನಕ ಹೋಗಿ ಕ್ಯಾಮೆರೂನ್‌ಗೆ ಪೆನಾಲ್ಟಿಯಲ್ಲಿ ಸೋತರು, ಬ್ರೆಜಿಲ್‌ನ ವಿಶ್ವಕಪ್‌ಗೆ ಜಾಗ ಪಕ್ಕಾ. ಸೆನೆಗಲ್‌ನವರು ದೂರು ಕೊಟ್ಟರು: ಇವರಲ್ಲಿ ಇಬ್ಬರು 2017ರಲ್ಲಿ ಜಪಾನ್‌ನ ಒಂದು ಟೂರ್ನಿಗೆ ಹೋದಾಗ ಬೇರೆ ತಾರೀಕು ಕೊಟ್ಟಿದ್ದಾರೆ. ತೆಗೆದು ನೋಡಿದರೆ ಹೌದು. ಗಿನಿಯ ಪದಕ ವಾಪಸ್, 1 ಲಕ್ಷ ಡಾಲರ್ ದಂಡ, ಮುಂದಿನ ಎರಡು ಆವೃತ್ತಿಗೆ ನಿಷೇಧ. ಬ್ರೆಜಿಲ್‌ಗೆ ಸೆನೆಗಲ್ ಹೋಯ್ತು. ಯಾವುದೋ ಗುಮಾಸ್ತ ಜಪಾನ್‌ಗೆ ಅರ್ಜಿ ತುಂಬುವಾಗ ಇದು ಎರಡು ವರ್ಷ ಬಿಟ್ಟು ಕತ್ತಿಗೆ ಬರುತ್ತೆ ಅಂತ ಯೋಚಿಸಿರ್ತಾನಾ? ಸುಳ್ಳು ತಾರೀಕು ಒಮ್ಮೆ ಹುಟ್ಟಿದ್ರೆ ಹೋದಲ್ಲೆಲ್ಲ ಅದನ್ನೇ ಬರೀಬೇಕು, ಒಂದು ಕಡೆ ಮರೆತ್ರೆ ಮುಗೀತು.

ಕುಡ್ಲದ ಫುಲ್‌ಬ್ಯಾಕ್:
ಒಬ್ಬ ತಾನಾಗಿ ಒಪ್ಪಿಕೊಂಡವನೂ ಇದ್ದಾನೆ. ಇಟಲಿಯ ಕಿಯೆವೊದಲ್ಲಿ ಎರಿಬರ್ಟೊ ಅಂತ ಬ್ರೆಜಿಲ್‌ನ ವಿಂಗರ್. 2002ರಲ್ಲಿ ಹೇಳಿಬಿಟ್ಟ, ನಾನು ಎರಿಬರ್ಟೊ ಅಲ್ಲ, ನನ್ನ ಹೆಸರು ಲುಚಿಯಾನೊ, ಹೇಳಿದ್ದಕ್ಕಿಂತ ಮೂರು ವರ್ಷಕ್ಕೂ ಹೆಚ್ಚು ದೊಡ್ಡವ ಅಂತ. ಆರು ತಿಂಗಳು ಹೊರಗೆ ಕೂತ, ದಂಡ ಕಟ್ಟಿದ, ತನ್ನ ಹೆಸರಿನಲ್ಲೇ ಮತ್ತೆ ಅದೇ ಕ್ಲಬ್ಬಿಗೆ ಎಷ್ಟೋ ವರ್ಷ ಆಡಿದ. ಹೆಸರು, ವಯಸ್ಸು ಎರಡೂ ಬೇರೆಯವರದ್ದು ಹೊತ್ತುಕೊಂಡು ದಿನಾ ಲಾಕರ್ ರೂಮಿಗೆ ಹೋಗುವುದು ಹೇಗಿರ್ತದೆ, ಗ್ರಹಿಸಿ.

ಆಫ್‌ಸೈಡ್ ಅಣ್ಣ:
ಇಟಲಿಯ ಲಾಜಿಯೊ ಕ್ಲಬ್‌ನಲ್ಲಿ ಮಿನಾಲಾ ಅಂತ ಒಬ್ಬ ಇದ್ನಲ್ಲ, 17 ಅಂತ ಹೇಳ್ಕೊಂಡು 42ರ ಮುಖ 😂

ಮೈದಾನದಂಚು:
ಇದಕ್ಕೇ ಮೊದಲ ಪೋಸ್ಟ್‌ನಲ್ಲಿ ಕೈಮುಗಿದದ್ದು. 2014ರಲ್ಲಿ ಯಾವುದೋ ವೆಬ್‌ಸೈಟ್ ಆ ಮಾತು ಹುಟ್ಟಿಸಿತು, ಆ ಹುಡುಗನ ಫೋಟೋ ಇಟ್ಕೊಂಡು ಲೋಕವೇ ನಕ್ಕಿತು. ಇಟಲಿಯ ಫೆಡರೇಷನ್ ತನಿಖೆ ಮಾಡಿ, ಏನೂ ತಪ್ಪಿಲ್ಲ ಅಂತ ಅದೇ ವರ್ಷ ಫೈಲ್ ಮುಚ್ಚಿತು. ಅದನ್ನ ಎಷ್ಟು ಜನ ಓದಿದ್ರು? ನೀವೇ ಓದಿಲ್ಲ. ಮುಖ ನೋಡಿ ವಯಸ್ಸು ಹೇಳೋದು ಕರಿ ಹುಡುಗರ ವಿಷಯದಲ್ಲಿ ಮಾತ್ರ ಯಾಕೆ ಇಷ್ಟು ಸಲೀಸು ಅಂತಲೂ ಒಮ್ಮೆ ಯೋಚಿಸಿ.

ಆಫ್‌ಸೈಡ್ ಅಣ್ಣ:
ಗೊತ್ತಿರಲಿಲ್ಲ. ತಪ್ಪಾಯ್ತು.

ಮೇಷ್ಟ್ರ ಮಗಳು:
ಇಷ್ಟೊತ್ತು ಸುಮ್ನೆ ಓದ್ತಿದ್ದೆ. ಪರದೇಶದವರ ಕಾಗದದ ಬಗ್ಗೆ ನಗೋ ಮುಂಚೆ ನಮ್ಮ ಮನೆಗಳಲ್ಲಿ ಜೂನ್ 1ಕ್ಕೆ ಎಷ್ಟು ಜನ ಹುಟ್ಟಿದ್ದಾರೆ ಅಂತ ಎಣಿಸಿ. ನಮ್ಮಪ್ಪ ಹಾಸನದ ಕಡೆ ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಸ್ಕೂಲು ಶುರುವಾಗೋ ದಿನ ತಾಯಂದಿರು ಮಗುವಿನ ಕೈ ಹಿಡಿದು ಬರೋರು. "ಯಾವಾಗ ಹುಟ್ಟಿದ್ದಮ್ಮಾ?" ಅಂದ್ರೆ "ದೊಡ್ಡ ಮಳೆ ಬಂದು ಕೆರೆ ಏರಿ ಒಡೀತಲ್ಲ, ಆ ವರ್ಷ ಮಾರ್ನಮಿ ಕಳೆದ ಮೇಲೆ" ಅನ್ನೋರು. ಅಪ್ಪ ಮಗುವಿನ ಬಲಗೈಯನ್ನ ತಲೆ ಮೇಲಿಂದ ದಾಟಿಸಿ ಎಡಗಿವಿ ಮುಟ್ಟಿಸೋರು. ಮುಟ್ಟಿದರೆ ವಯಸ್ಸಾಗಿದೆ ಅಂತ ಲೆಕ್ಕ. ಅಡ್ಮಿಷನ್ ರಿಜಿಸ್ಟರ್‌ನಲ್ಲಿ ಜೂನ್ 1, ವರ್ಷ ಅಂದಾಜು. ಆಮೇಲೆ ಅದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ನೌಕರಿಗೆ, ಪಿಂಚಣಿಗೆ.

ಅಪ್ಪ ಬರೆದದ್ದು ಸುಳ್ಳಾ? ಕೇಳಿದ್ರೆ ನಗೋರು. "ಸುಳ್ಳು ಹೇಳ್ಬೇಕಾದ್ರೆ ನಿಜ ಗೊತ್ತಿರ್ಬೇಕಲ್ವೇನೇ" ಅನ್ನೋರು. ಆಫ್ರಿಕದ ಎಷ್ಟೋ ಊರುಗಳಲ್ಲಿ ಹುಟ್ಟು ಬರೆಸದ ಮಕ್ಕಳು ಇವತ್ತಿಗೂ ಇದ್ದಾರೆ. ಅವರಿಗೆ ತಾರೀಕು ಮೊದಲ ಸಲ ಸಿಗೋದೇ ಕೋಚ್‌ನ ಕೈಯಿಂದ ಅಂದ್ರೆ, ಆ ಕೋಚ್‌ಗೆ ಬೇಕಾದ ತಾರೀಕೇ ಸಿಗುತ್ತೆ.

ಹಳೇ ಗೋಲಿ:
ಕಿವಿ ಮುಟ್ಟಿಸಿದ ಬ್ಯಾಚು ನಾನೂ. ಜೂನ್ 1. ನಿಜ ಯಾವಾಗ ಅಂತ ಅಮ್ಮನಿಗೂ ಗೊತ್ತಿಲ್ಲ.

ಗೋಲಿಯ ಅಪ್ಪ:
ನಮಸ್ಕಾರ. ಇಲ್ಲಿ ಹೊಸಬ. ಇದನ್ನೆಲ್ಲ ಓದಿ ಮೇಲೆ ಕೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಮಗನಿಗೆ ಹನ್ನೆರಡು ನಡೀತಿದೆ, ಒಂದು ಅಕಾಡೆಮಿಗೆ ಗೋಲಿ. ಹುಟ್ಟಿದ್ದು ಡಿಸೆಂಬರ್ 27. ವಯಸ್ಸಿನ ಗುಂಪು ಜನವರಿ 1ರಿಂದ ಎಣಿಸ್ತಾರಲ್ಲ, ಅವನ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು ಇವನೇ, ಕುಳ್ಳಗೂ ಇದ್ದಾನೆ. ಕಳೆದ ವಾರ ಕೋಚ್ ಪಕ್ಕಕ್ಕೆ ಕರೆದು, "ಸಾರ್, ಐದೇ ದಿನ. ಜನವರಿ 1 ಅಂತ ಮಾಡಿಸಿಬಿಡಿ, ಕೆಳಗಿನ ಗುಂಪಿಗೆ ಬರ್ತಾನೆ, ಟ್ರಯಲ್ಸ್‌ನಲ್ಲಿ ಮೇಲೆದ್ದು ಕಾಣ್ತಾನೆ. ಮಾಡಿಸಿಕೊಡೋರು ಇದ್ದಾರೆ, ಎಲ್ಲರೂ ಮಾಡ್ತಾರೆ" ಅಂದರು. ಕೆಟ್ಟ ಮನುಷ್ಯ ಅಲ್ಲ ಅವರು. ಮಳೆ ಬಂದ್ರೂ ಹುಡುಗರನ್ನ ಒಬ್ಬೊಬ್ಬರಾಗಿ ಬಸ್ಸು ಹತ್ತಿಸಿ ಹೋಗ್ತಾರೆ. ಐದು ದಿನಕ್ಕೆ ಏನಾಗುತ್ತೆ ಅಂತ ನನಗೂ ಒಂದು ರಾತ್ರಿ ಅನಿಸಿತು, ಸುಳ್ಳು ಹೇಳಲ್ಲ.

ಎಕ್ಸ್‌ರೇ ಕಣ್ಣು:
ಐದು ದಿನವನ್ನ ಯಾವ ಸ್ಕ್ಯಾನೂ ಹಿಡಿಯಲ್ಲ. ಅದಕ್ಕೇ ಇಂಥದ್ದು ನಡೀತಿರೋದು.

ಮೈದಾನದಂಚು:
ಸ್ಕ್ಯಾನ್ ಹಿಡಿಯಲ್ಲ, ಕಾಗದ ಹಿಡಿಯುತ್ತೆ. ಎಣಿಸಿ ನೋಡಿ ಸಾರ್: ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಪಾಲಿಕೆಯ ಜನನ ನೋಂದಣಿ, ಲಸಿಕೆ ಹಾಕಿಸಿದ ತಾಯಿ ಕಾರ್ಡು, ಆಧಾರ್, ಶಾಲೆಯ ದಾಖಲಾತಿ. ಐದು ಕಡೆ ಡಿಸೆಂಬರ್ 27 ಇದೆ. ಮಗ ಆಗಲೇ ಅಖಿಲ ಭಾರತ ಫೆಡರೇಷನ್ನಿನ ಆನ್‌ಲೈನ್ ನೋಂದಣಿಯಲ್ಲಿದ್ದರೆ ಆರು. ನೀವು ಬದಲಾಯಿಸೋದು ಒಂದನ್ನ. ಹುಡುಗ ನಿಜವಾಗ್ಲೂ ಚೆನ್ನಾಗಿ ಆಡಿ ಮೇಲೆ ಹೋದ ದಿನವೇ ಯಾರೋ ಎರಡು ಕಾಗದ ಪಕ್ಕಪಕ್ಕ ಇಡ್ತಾರೆ. ಆಡದೇ ಇದ್ರೆ ಯಾರೂ ಕೇಳಲ್ಲ ಬಿಡಿ.

ಮೇಷ್ಟ್ರ ಮಗಳು:
ಕೆಳಗಿನ ಗುಂಪಿನಲ್ಲೂ ಡಿಸೆಂಬರ್‌ನಲ್ಲಿ ಹುಟ್ಟಿದ ಒಬ್ಬ ಕುಳ್ಳ ಗೋಲಿ ಇರ್ತಾನಲ್ಲ. ನಿಮ್ಮ ಮಗ ಇಳಿದು ಬಂದ್ರೆ ಅವನು ಎಲ್ಲಿ ನಿಲ್ಲಬೇಕು?

ಧಾರವಾಡ ಪೇಡೆ:
ಹುಡುಗಗ ಕೇಳೀರೇನ್ರೀ?

ಗೋಲಿಯ ಅಪ್ಪ:
ಕೇಳಿರಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ಕೇಳಿದೆ. ಸಾರನ್ನ ಕಲಸ್ತಾ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಬರ್ತ್‌ಡೇ ಯಾವತ್ತು ಮಾಡೋದು? ಸ್ಕೂಲಲ್ಲಿ ಒಂದು ದಿನ, ಗ್ರೌಂಡಲ್ಲಿ ಒಂದು ದಿನಾನಾ?" ಅಂದ. ನನಗೆ ಉತ್ತರ ಹೊಳೀಲಿಲ್ಲ.

ಇವತ್ತು ಬೆಳಿಗ್ಗೆ ಕೋಚ್‌ಗೆ ಬೇಡ ಅಂತ ಹೇಳಿದೆ. "ಸರಿ ಸಾರ್, ನಿಮ್ಮಿಷ್ಟ, ಆಮೇಲೆ ಸೆಲೆಕ್ಷನ್ ಆಗಿಲ್ಲ ಅಂತ ನನ್ನ ಕೇಳ್ಬೇಡಿ" ಅಂದರು. ಕೇಳಲ್ಲ. ಆದರೆ ಕಾರ್ನರ್ ಬಂದಾಗ ಆ ದೊಡ್ಡ ಹುಡುಗರ ನಡುವೆ ಇವನು ಕಾಣೋದೇ ಇಲ್ಲ, ಅದಕ್ಕೇನು ಮಾಡಲಿ?

ಹಳೇ ಗೋಲಿ:
ಅದು ಕೇಳಿ, ಹೇಳ್ತೀನಿ. ನಾನೂ ಐದಡಿ ಐದಿಂಚು, ಹದಿನಾಲ್ಕು ವರ್ಷ ಲೀಗ್ ಆಡಿದೆ. ಗೆರೆ ಮೇಲೆ ಅಂಟಿಕೊಂಡು ನಿಂತ್ರೆ ಕುಳ್ಳನ ಕಥೆ ಮುಗೀತು. ಒಂದೂವರೆ ಹೆಜ್ಜೆ ಮುಂದೆ, ದೂರದ ಕಂಬದ ಕಡೆ ಸ್ವಲ್ಪ ವಾಲಿ, ಮೈ ಅರ್ಧ ಮೈದಾನದ ಕಡೆ ತಿರುಗಿರಬೇಕು. ಹಿಡಿಯೋಕೆ ಹೋಗ್ಬಾರದು, ಗುದ್ದಬೇಕು. ಬರೆದು ಕಲಿಸೋಕಾಗಲ್ಲ. ಭಾನುವಾರ ಬೆಳಿಗ್ಗೆ ಆರೂವರೆಗೆ ಆಸ್ಟಿನ್ ಟೌನ್ ಗ್ರೌಂಡ್ ಹತ್ರ ಕರ್ಕೊಂಡು ಬನ್ನಿ, ನನ್ನ ಹಳೇ ಗ್ಲೌಸ್ ಇದೆ. ಚೆಂಡು ನೀವು ತನ್ನಿ, ನಮ್ಮದರಲ್ಲಿ ಗಾಳಿ ನಿಲ್ತಿಲ್ಲ.